ಚಕ್ರಕ್ಕೊಂದು ಮುಚ್ಚಳ

ಕೇಳುಗರಿಗೆ ನಮಸ್ಕಾರ.

ನಿಮ್ಮಲ್ಲಿ ಕೆಲವರು ಈಗ ಕಾರಿನಲ್ಲೇ ಕುಳಿತು ಕೇಳುತ್ತಿರಬಹುದು. ಮಂಗಳೂರಿನ ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಸಿಕ್ಕಿಕೊಂಡವರಿಗೆ ನನ್ನ ಮಾತಿನಿಂದ ಪ್ರಯೋಜನವಿಲ್ಲ, ನಿಂತ ಕಾರಿಗೆ ಗಾಳಿಯ ಹಂಗಿಲ್ಲ. ಕೂಳೂರು ಸೇತುವೆ ದಾಟಿ ಉಡುಪಿಯ ಕಡೆಗೆ ವೇಗ ಹಿಡಿದವರು ಸ್ವಲ್ಪ ಕಿವಿಗೊಡಿ.

ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು ಕೊಂಡವರೆಲ್ಲ ನನ್ನಲ್ಲಿ ಒಂದೇ ದೂರು ತರುತ್ತಾರೆ. ಊರೊಳಗೆ ಮೈಲೇಜ್ ಚೆನ್ನಾಗಿ ಬರುತ್ತದೆ, ಹೆದ್ದಾರಿಗೆ ಬಂದರೆ ಆ ಹೆಚ್ಚುಗಾರಿಕೆ ಕಾಣುವುದಿಲ್ಲ, ಏಕೆ? ಊರೊಳಗೆ ನೀವು ಬ್ರೇಕ್ ಒತ್ತಿದಾಗಲೆಲ್ಲ ಮೋಟಾರೇ ಜನರೇಟರಾಗಿ, ಕಾರಿನ ಓಟವನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಖರ್ಚು ಮಾಡಿದ್ದರಲ್ಲಿ ಒಂದಿಷ್ಟು ವಾಪಸು ಬರುತ್ತದೆ. ಹೆದ್ದಾರಿಯಲ್ಲಿ ಪೆಟ್ರೋಲ್ ತಿನ್ನುವುದು ಗಾಳಿ. ಗಾಳಿಗೆ ಕೊಟ್ಟ ಸಾಲ ಯಾವ ಬ್ಯಾಟರಿಗೂ ಹಿಂದಿರುಗುವುದಿಲ್ಲ. ವೇಗ 60ರಿಂದ 90ಕ್ಕೆ ಏರಿದರೆ ಹೆಚ್ಚಾದದ್ದು ಒಂದೂವರೆ ಪಟ್ಟು. ಗಾಳಿಯ ತಡೆ ಹೆಚ್ಚಾದದ್ದು ಎರಡೂಕಾಲು ಪಟ್ಟು. ಅದನ್ನು ಸೀಳಲು ಬೇಕಾದ ಶಕ್ತಿ ಮೂರು ಪಟ್ಟಿಗೂ ಮಿಕ್ಕಿ.

ಈ ತಡೆಯಲ್ಲಿ ಸುಮಾರು ಕಾಲು ಪಾಲು ಚಕ್ರಗಳದ್ದು ಮತ್ತು ಅವು ಕೂರುವ ಗೂಡುಗಳದ್ದು. ಜನ ಬಾನೆಟ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಚಕ್ರವನ್ನು ನೋಡುವುದು ಪಂಕ್ಚರ್ ಆದಾಗ. ಕಾರು 80ರಲ್ಲಿ ಓಡುವಾಗ ಚಕ್ರದ ನೆತ್ತಿ 160ರಲ್ಲಿ ಮುಂದಕ್ಕೆ ನುಗ್ಗುತ್ತಿರುತ್ತದೆ. ನೆಲ ಮುಟ್ಟಿದ ತುದಿ ಆ ಕ್ಷಣಕ್ಕೆ ನಿಂತೇ ಇರುತ್ತದೆ. ಹೀಗೆ ತಿರುಗುವ ವಸ್ತುವಿಗೆ ಐದು ಅಗಲವಾದ ಕಡ್ಡಿಗಳು, ನಡುವೆ ಐದು ಬಾಗಿಲಿನಂಥ ತೂತುಗಳು. ಶೋಕಿಗೆ.

ಉಡುಪಿಯ ಕೃಷ್ಣನ ಕೈಯಲ್ಲಿರುವ ಕಡೆಗೋಲನ್ನು ನೆನಪಿಸಿಕೊಳ್ಳಿ. ಕಡೆಗೋಲಿನ ತಲೆಗೆ ಸೀಳುಗಳನ್ನು ಏಕೆ ಕೆತ್ತುತ್ತಾರೆ? ಸೀಳಿದ್ದರೆ ಮಾತ್ರ ಮೊಸರು ಕಲಕುತ್ತದೆ. ಅದೇ ಭರಣಿಯಲ್ಲಿ ನುಣುಪಾದ ಒನಕೆಯನ್ನು ತಿರುಗಿಸಿ, ಸಂಜೆಯಾದರೂ ಬೆಣ್ಣೆ ಏಳುವುದಿಲ್ಲ. ನಿಮ್ಮ ಕಾರಿನ ಅಡಿಯಲ್ಲಿ ನಾಲ್ಕು ಕಡೆಗೋಲುಗಳು ಗಾಳಿಯನ್ನು ಕಡೆಯುತ್ತಿವೆ, ಬೆಣ್ಣೆಯಂತೂ ಇಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟೇ: ಚಕ್ರದ ಮುಖ ಸಪಾಟಾಗಿರಲಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ, ಮನದಟ್ಟಾದದ್ದು ಮೂಲ್ಕಿ ಸೇತುವೆಯ ಬಳಿ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ನಿವೃತ್ತನಾದ ವರ್ಷ ನಾನೂ ಒಂದು ಹೈಬ್ರಿಡ್ ಕಾರು ಕೊಂಡೆ. ಬಂದರಿನ ಒಂದು ಅಂಗಡಿಯಿಂದ ಅಲ್ಯೂಮಿನಿಯಂ ತಗಡು ತಂದು, ಪಾತ್ರೆ ರಿಪೇರಿಯವರಿಂದ ನಾಲ್ಕು ದುಂಡು ತಟ್ಟೆ ಕತ್ತರಿಸಿಸಿ, ಪ್ಲಾಸ್ಟಿಕ್ ಪಟ್ಟಿಗಳಿಂದ ಚಕ್ರದ ಕಡ್ಡಿಗಳಿಗೆ ಬಿಗಿದೆ. ಮೂವತ್ತು ವರ್ಷ ಮಕ್ಕಳಿಗೆ ಯಂತ್ರಶಾಸ್ತ್ರ ಕಲಿಸಿದ ಮೇಷ್ಟ್ರು ಪ್ಲಾಸ್ಟಿಕ್ ಪಟ್ಟಿಯನ್ನು ನಂಬಿದರು! ಸುರತ್ಕಲ್‌ವರೆಗೆ ಎಲ್ಲವೂ ಸುಖ. ಶಾಂಭವಿ ಹೊಳೆಯ ಸೇತುವೆ ದಾಟಿ ಒಂದು ಗುಂಡಿಗೆ ಇಳಿದೆ ನೋಡಿ, ಟಣ್ ಎಂದಿತು. ಬ್ರೇಕ್ ಒತ್ತಿದೆ. ನನ್ನದೇ ತಟ್ಟೆ ನನ್ನನ್ನೇ ಹಿಂದಿಕ್ಕಿ, ಅಂಚಿನ ಮೇಲೆ ನೆಟ್ಟಗೆ ನಿಂತು, ಕಂಬಳದ ಕೋಣದ ಗತ್ತಿನಲ್ಲಿ ಎಡಕ್ಕೆ ಓಡಿ ಮರೆಯಾಯಿತು. ಆ ಹೊತ್ತಿಗೆ ಅಲ್ಲೊಬ್ಬ ಸೈಕಲ್ ಸವಾರ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಹತ್ತು ನಿಮಿಷ ಹುಡುಕಿದೆ. ಕೊನೆಗೆ ಕೊಡೆಯ ನೆರಳಿನಲ್ಲಿ ಮೀನು ಮಾರುತ್ತಿದ್ದ ಒಬ್ಬ ಅಮ್ಮನ ಬುಟ್ಟಿಯ ಮೇಲೆ ಅದು ಹೊಳೆಯುತ್ತ ಕುಳಿತಿತ್ತು. ಕಾಗೆಗಳ ಕಾಟಕ್ಕೆ ದೇವರೇ ಕಳುಹಿಸಿದ ಮುಚ್ಚಳವೆಂದು ಅವರು ಬಂಗುಡೆಯ ಮೇಲೆ ಕವುಚಿಟ್ಟಿದ್ದರು. ಅದು ನನ್ನ ಕಾರಿನ ಚಕ್ರದ್ದು ಎಂದೆ. ಅವರು ಕಾರನ್ನು ನೋಡಿದರು, ನನ್ನನ್ನು ನೋಡಿದರು. ತುಳುವಿನಲ್ಲಿ ಕೇಳಿದರು: ಚಕ್ರಕ್ಕೆ ಮುಚ್ಚಳವೇ, ಒಳಗೇನು ಬೇಯುತ್ತಿದೆ?

ಬಿಸಿಲಲ್ಲಿ ನಿಂತು ವಿವರಿಸಿದೆ. ಒತ್ತಡ, ಸುಳಿ, ಹರಿವು ಎಂದೆಲ್ಲ ಹೇಳಿದೆ. ಅವರು ಮೀನು ತೂಗುತ್ತಲೇ ಕೇಳಿ, ಹಾಗಾದರೆ ನಿಮ್ಮ ಚಕ್ರ ಕಡೆಗೋಲು, ಅದರ ಹಲ್ಲು ಮುಚ್ಚಿದ್ದೀರಿ, ಅಷ್ಟೇ ತಾನೇ ಎಂದರು. ಆಗಲೇ ನಿಮಗೆ ಹೇಳಿದ ಕಡೆಗೋಲಿನ ಮಾತು ನನ್ನದಲ್ಲ, ಅವರದು. ಒಂದು ಕಿಲೋ ಬಂಗುಡೆ ಕೊಂಡ ಮೇಲೆಯೇ ತಟ್ಟೆ ವಾಪಸು ಸಿಕ್ಕಿತು. ನಮ್ಮ ಬೀದಿಯ ಬೆಕ್ಕುಗಳು ಮೂರು ವಾರ ಮುಂದಿನ ಎಡ ಚಕ್ರದ ಪಕ್ಕದಲ್ಲೇ ಮಲಗಿದವು.

ಕತೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇದು ನನ್ನ ಹುಚ್ಚು ಮಾತ್ರವಲ್ಲ. 1984ರಲ್ಲಿ ಇಟಲಿಯ ಫ್ರಾನ್ಸೆಸ್ಕೋ ಮೋಸರ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 51 ಕಿಲೋಮೀಟರಿಗೂ ಹೆಚ್ಚು ದೂರ ಸೈಕಲ್ ತುಳಿದು ದಾಖಲೆ ಮಾಡಿದಾಗ ಅವರ ಚಕ್ರಗಳಿಗೆ ಕಡ್ಡಿಗಳಿರಲಿಲ್ಲ, ಸಪಾಟಾದ ಬಿಲ್ಲೆಗಳಿದ್ದವು. 1999ರ ಹೋಂಡಾ ಇನ್‌ಸೈಟ್ ಹೈಬ್ರಿಡ್‌ನಲ್ಲಿ ಹಿಂದಿನ ಚಕ್ರಗಳನ್ನೇ ಅರ್ಧ ಮರೆಮಾಡಿದ್ದರು. ಟೊಯೋಟಾ ಪ್ರಿಯಸ್‌ನ ಕೆಲವು ಮಾದರಿಗಳಲ್ಲಿ ಅಲಾಯ್ ಚಕ್ರದ ಮೇಲೆಯೇ ಪ್ಲಾಸ್ಟಿಕ್ ಮುಚ್ಚಳ ಹಾಕಿ ಮಾರಿದರು. ಅದನ್ನು ಕಿತ್ತೆಸೆದು ಕಾರು ಚಂದವಾಯಿತು ಎಂದವರಿದ್ದಾರೆ. ಅವರಿಗೆ ನಾನೇನು ಹೇಳಲಿ.

ಮುಚ್ಚಿದರೆ ಬ್ರೇಕ್ ಬಿಸಿಯೇರುವುದಿಲ್ಲವೇ ಎಂದು ಕೇಳುತ್ತೀರಿ. ಹೈಬ್ರಿಡ್‌ನಲ್ಲಿ ನಿಲ್ಲಿಸುವ ಕೆಲಸದ ಬಹುಪಾಲನ್ನು ಮೋಟಾರು ಮಾಡುವುದರಿಂದ ಬ್ರೇಕ್ ಪ್ಯಾಡುಗಳಿಗೆ ಅಷ್ಟು ದುಡಿಮೆಯಿಲ್ಲ. ಆದರೆ ಚಾರ್ಮಾಡಿ, ಆಗುಂಬೆ ಇಳಿಯುವಾಗ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬುತ್ತದೆ, ಆಮೇಲೆ ಪ್ಯಾಡುಗಳ ಮೇಲೆ ಹೊರೆ ಹೆಚ್ಚುತ್ತದೆ. ಘಟ್ಟಕ್ಕೆ ಹೊರಡುವ ಮುನ್ನ ಮುಚ್ಚಳ ಬಿಚ್ಚಿಡಿ.

ಬಿಗಿಯಲು ಪ್ಲಾಸ್ಟಿಕ್ ಪಟ್ಟಿ ಬೇಡ, ಬೇಡ. ಸ್ಟೇನ್‌ಲೆಸ್ ಬೋಲ್ಟು ಹಾಕಿ, ತಗಡಿಗೂ ಬೋಲ್ಟಿಗೂ ನಡುವೆ ರಬ್ಬರ್ ವಾಷರ್ ಇಡಿ. ನಮ್ಮ ಉಪ್ಪುಗಾಳಿಯಲ್ಲಿ ಎರಡು ಲೋಹ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಗಾಳಿ ತುಂಬುವ ವಾಲ್ವಿಗೆ ಒಂದು ತೂತು ಬಿಡಿ. ಅಂಚಿನಲ್ಲಿ ಇನ್ನೆರಡು ಸಣ್ಣ ತೂತು ಬಿಡಿ, ಇಲ್ಲವಾದರೆ ಆಷಾಢದ ಕೆಸರೆಲ್ಲ ಒಳಗೇ ಕೂರುತ್ತದೆ.

ಎಷ್ಟು ಉಳಿಯುತ್ತದೆ? ಹೆದ್ದಾರಿಯಲ್ಲಿ ನೂರಕ್ಕೆ ಎರಡೋ ಮೂರೋ ಪಾಲು. ಇಷ್ಟೇಯೇ ಎಂದು ಮುಖ ಸಿಂಡರಿಸಬೇಡಿ. ವಾರಕ್ಕೆ ಐದು ದಿನ ಮಂಗಳೂರು-ಉಡುಪಿ ಓಡಾಡುವವರು ಲೆಕ್ಕ ಹಾಕಿ ನೋಡಿ. ಚಕ್ರದ ಮುಖ ಸಪಾಟಾಗಿರಲಿ.

ಹೆಜಮಾಡಿಯ ಟೋಲ್‌ನಲ್ಲಿ ಮೂರು ಚಕ್ರ ಹೊಳೆಯುವ, ಒಂದರ ಮುಚ್ಚಳ ಮಾತ್ರ ನೆಗ್ಗಿದ ಕಾರು ಕಂಡರೆ ಅದು ನನ್ನದೇ. ನಮಸ್ಕಾರ.