ಆಸ್ಪತ್ರೆಯ ದುಡ್ಡು ಎತ್ತ ಹರಿಯುತ್ತದೆ?

ಕೇಳುಗರಿಗೆ ನಮಸ್ಕಾರ.

ಒಂದೇ ದೇಶದ ಎರಡು ಪ್ರಾಂತ್ಯಗಳು. ಕಾಯಿಲೆಗಳು ಹೆಚ್ಚುಕಡಿಮೆ ಒಂದೇ. ಆದರೂ ಆರೋಗ್ಯಕ್ಕೆ ಸರ್ಕಾರ ಮಾಡುವ ತಲಾ ಖರ್ಚು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಯಾಕೆ ಹೀಗೆ?

ಥಟ್ಟನೆ ಹೊಳೆಯುವ ಉತ್ತರ, ಆದಾಯ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಸೆಫ್ ನ್ಯೂಹೌಸ್ 1977ರಲ್ಲಿ 13 ಮುಂದುವರಿದ ದೇಶಗಳನ್ನು ಹೋಲಿಸಿದರು. ವೈದ್ಯಕೀಯ ವೆಚ್ಚದಲ್ಲಿ ಕಾಣುವ ವ್ಯತ್ಯಾಸದ ಶೇಕಡಾ 90ಕ್ಕೂ ಹೆಚ್ಚು ಪಾಲನ್ನು ತಲಾ ಆದಾಯವೊಂದೇ ವಿವರಿಸುತ್ತದೆ ಎಂದು ತೋರಿಸಿದರು. ದೇಶದೊಳಗೆ ಬಂದರೆ ಈ ಲೆಕ್ಕ ಸಡಿಲವಾಗುತ್ತದೆ. ಅಲ್ಲಿ ತೆರಿಗೆ ಎತ್ತುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು. ಇಟಲಿಯಲ್ಲಿ ಆಸ್ಪತ್ರೆ ನಡೆಸುವುದು ಪ್ರಾಂತ್ಯಗಳ ಹೊಣೆ. ಕೊರತೆ ಬಿದ್ದಾಗ ತುಂಬಿಕೊಟ್ಟದ್ದು ಬಹುಪಾಲು ಕೇಂದ್ರ. ಯಾರೋ ತೀರಿಸುವ ಸಾಲವಾದರೆ ಕೈ ಬಿಗಿಹಿಡಿಯುವವರು ಯಾರು? ಕೊನೆಗೆ 2007ರಿಂದ, ಕೊರತೆಯಲ್ಲಿ ಮುಳುಗಿದ ಪ್ರಾಂತ್ಯಗಳು ಖರ್ಚು ತಗ್ಗಿಸುವ ಯೋಜನೆಗೆ ಸಹಿ ಹಾಕಬೇಕಾಯಿತು.

ಸಂಬಳದ ಮಾತೂ ಇದೆ. ಗಾಯ ತೊಳೆದು ಪಟ್ಟಿ ಕಟ್ಟಲು ನರ್ಸ್‌ಗೆ ಹಿಂದೆ ಹಿಡಿಯುತ್ತಿದ್ದಷ್ಟೇ ಹೊತ್ತು ಈಗಲೂ ಬೇಕು. ಆದರೆ ಸುತ್ತಲಿನ ಉದ್ಯಮಗಳಲ್ಲಿ ಸಂಬಳ ಏರಿದರೆ ಆಸ್ಪತ್ರೆಯೂ ಏರಿಸಲೇಬೇಕು, ಇಲ್ಲದಿದ್ದರೆ ನರ್ಸ್ ನಿಲ್ಲುವುದಿಲ್ಲ. ಕೆಲಸ ಅಷ್ಟೇ, ಬಿಲ್ಲು ದೊಡ್ಡದು.

ಮುದುಕರು ಹೆಚ್ಚಾದರೆ ಖರ್ಚು ಹೆಚ್ಚು ಎನ್ನುವುದು ಅರ್ಧ ನಿಜ. ದೊಡ್ಡ ಖರ್ಚು ಬೀಳುವುದು ಬದುಕಿನ ಕೊನೆಯ ತಿಂಗಳುಗಳಲ್ಲಿ, ವಯಸ್ಸು ಎಷ್ಟೇ ಇರಲಿ.

ನನಗೆ ಇವೆಲ್ಲಕ್ಕಿಂತ ಬಲವಾಗಿ ಕಾಣುವುದು ಹಳೆಯ ಕಟ್ಟಡಗಳ ಹಿಡಿತ. ಇಂಗ್ಲೆಂಡಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಹಾಸಿಗೆಗಳು ಎಲ್ಲೆಲ್ಲಿದ್ದವೋ ಹಣ ಅಲ್ಲಲ್ಲಿಗೇ ಹೋಯಿತು. ಪ್ರತಿವರ್ಷ ಹಿಂದಿನ ಬಜೆಟ್ಟಿಗೆ ಇನ್ನಷ್ಟು ಸೇರಿಸುವುದು, ಅಷ್ಟೇ. ಹಾಗಾಗಿ ದೊಡ್ಡ ಆಸ್ಪತ್ರೆಗಳಿದ್ದ ಲಂಡನ್ ಸುತ್ತಮುತ್ತ ಹೆಚ್ಚು ದಕ್ಕಿತು. ಕಾಯಿಲೆ ಹೆಚ್ಚಿದ್ದ ಉತ್ತರದ ಕೈಗಾರಿಕಾ ಪ್ರದೇಶಗಳಿಗೆ ಕಡಿಮೆ. 1976ರಲ್ಲಿ ಒಂದು ಸಮಿತಿ ಹೊಸ ಸೂತ್ರ ಕೊಟ್ಟಿತು: ಹಾಸಿಗೆ ಎಣಿಸಬೇಡಿ, ಜನಸಂಖ್ಯೆ, ವಯಸ್ಸು, ಮರಣ ಪ್ರಮಾಣ ನೋಡಿ. ಹೆಚ್ಚು ಪಡೆಯುತ್ತಿದ್ದವರಿಂದ ಕಿತ್ತುಕೊಳ್ಳುವ ಬದಲು ಅವರ ಏರಿಕೆಯನ್ನು ನಿಧಾನ ಮಾಡಿದರು. ಜಾಣ ರಾಜಕೀಯ! ಆದರೆ ತಕರಾರು ತಪ್ಪಲಿಲ್ಲ. ವರ್ಷಗಟ್ಟಲೆ ನರಳಿಸಿಯೂ ಕೊಲ್ಲದ ಕೀಲುನೋವು ಮರಣದ ಲೆಕ್ಕದಲ್ಲಿ ಕಾಣುವುದಿಲ್ಲವಲ್ಲ, ಅದಕ್ಕೆ ಹಣ ಯಾವ ಬಾಬ್ತಿನಲ್ಲಿ ಎಂದು ಕೇಳಿದವರಿದ್ದರು.

ನಮಸ್ಕಾರ.