ಬೀಜ ಇಲ್ಲದ ಬಾಳೆ, ಕಂದು ಇಲ್ಲದ ಬಾಳೆ

ಎಲ್ರಿಗೂ ನಮಸ್ಕಾರ. ಮಕ್ಳೇ, ಮನೇಲಿ ಬಾಳೆಹಣ್ಣು ಇದ್ರೆ ಒಂದು ತಗೊಂಡು ರೇಡಿಯೋ ಹತ್ರ ಬನ್ನಿ. ಸಿಪ್ಪೆ ಸುಲಿದು ಅಡ್ಡಕ್ಕೆ ಕತ್ತರಿಸಿ, ಉದ್ದಕ್ಕಲ್ಲ, ಅಡ್ಡಕ್ಕೆ. ಬಿಲ್ಲೆ ನಡುವೆ ಮೂರು ಪಾಲಾದ ಹಾಗೆ ಗೆರೆ ಇದೆ ನೋಡಿ, ಆ ಗೆರೆ ಸಾಲಲ್ಲೇ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣ್ತವೆ. ಅವು ಬೀಜ ಆಗ್ಬೇಕಿತ್ತು, ಆಗಿಲ್ಲ. ನಾವು ತಿನ್ನೋ ಬಾಳೆಹಣ್ಣಲ್ಲಿ ಬೀಜ ಅನ್ನೋದೇ ಇಲ್ಲ, ಆದ್ರೂ ಊರೂರಲ್ಲಿ ಬಾಳೆ ತೋಟ ಇದೆ. ಅದು ಹೇಗೆ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀರಾ?

ಹತ್ತನೇ ಕ್ಲಾಸಲ್ಲಿ ಸಂತಾನೋತ್ಪತ್ತಿ ಪಾಠ ಇದೆಯಲ್ಲ, ಅದನ್ನ ನಾನು ಬಹಳ ವರ್ಷ ಮಾಡಿದೀನಿ. ಮೊದಮೊದಲು ಬೋರ್ಡ್ ಮೇಲೆ ಎರಡು ಕಾಲಂ ಎಳೆದು ಅಲೈಂಗಿಕ, ಅಂದ್ರೆ ಒಂದೇ ಜೀವಿ ತನ್ನ ನಕಲು ಮಾಡ್ಕೊಳ್ಳೋದು, ಒಂದು ಕಡೆ, ಲೈಂಗಿಕ, ಅಂದ್ರೆ ಗಂಡು ಹೆಣ್ಣು ಎರಡರ ಗುಣ ಬೆರೆಯೋದು, ಇನ್ನೊಂದು ಕಡೆ ಬರೆಸ್ತಿದ್ದೆ, ಮಕ್ಳು ಬಾಯಿಪಾಠ ಮಾಡಿ ಮಾರ್ಕ್ಸೂ ತಗೋತಿದ್ರು, ಆದ್ರೆ ಎರಡು ದಾರಿ ಯಾಕಪ್ಪಾ ಇದೆ, ಒಂದೇ ಸಾಕಾಗಿತ್ತಲ್ವಾ ಅಂತ ಕೇಳಿದ್ರೆ ಇಡೀ ಕ್ಲಾಸು ಗಪ್ ಚುಪ್. ಇವತ್ತು ಅದೊಂದೇ ಪ್ರಶ್ನೆ ಇಟ್ಕೊಂಡು ಮಾತಾಡ್ತೀನಿ.

ನಮ್ಮೂರು ನಂಜನಗೂಡು ತಾಲೂಕು. ರಸಬಾಳೆ ಸೀಮೆ. ಅಪ್ಪ ಹಳೇ ಗಿಡದ ಬುಡದಲ್ಲಿ ಎದ್ದಿರೋ ಕಂದು, ಅಂದ್ರೆ ಮರಿ ಗಿಡ ನೋಡಿ, ಈಟಿ ತರ ಚೂಪು ಎಲೆ ಇರೋದನ್ನೇ ಆರಿಸಿ, ಹಾರೆ ಹಾಕಿ ಗೆಡ್ಡೆ ಸಮೇತ ಮೀಟಿ ತೆಗೆದು ಬೇರೆ ಗುಂಡೀಲಿ ಇಡ್ತಿದ್ರು. ನೌಕರಿ ಮೇಲೆ ಸಾಗರದ ಕಡೆ ಬಂದ್ಮೇಲೆ ಗೊತ್ತಾಯ್ತು, ಇಲ್ಲಿ ಅದಕ್ಕೆ ಹಿಳ್ಳು ಅಂತಾರೆ. ಹೆಸರೇನೇ ಇರ್ಲಿ, ಆ ಕಂದು ತಾಯಿ ಗಿಡದ ಮಗು ಅಂತ ನಾವು ಹೇಳಿದ್ರೂ ಅದು ತಾಯಿಯ ಮೈಯಿಂದಲೇ ಬಂದ ತುಂಡು, ಅದೇ ಡಿಎನ್ಎ, ಅದೇ ರುಚಿ, ಅದೇ ಘಮ. ಬಾಳೆ ಬೀಜ ಬಿಡದೇ ಇರೋದಕ್ಕೂ ಕಾರಣ ಇದೆ. ರಸಬಾಳೆ, ಪಚ್ಚಬಾಳೆ ಇಂಥ ಎಷ್ಟೋ ತಳಿಗಳ ಸೆಲ್ಲಲ್ಲಿ ಕ್ರೋಮೋಸೋಮ್, ಅಂದ್ರೆ ಡಿಎನ್ಎ ಸುತ್ತಿಟ್ಟಿರೋ ಎಳೆಗಳು, ಹನ್ನೊಂದರಂತೆ ಮೂರು ಸೆಟ್ಟು, ಒಟ್ಟು 33. ಲಿಂಗಾಣು, ಅಂದ್ರೆ ಒಂದಕ್ಕೊಂದು ಸೇರಿ ಮುಂದಿನ ಪೀಳಿಗೆ ಆಗೋ ಗಂಡು ಅಥವಾ ಹೆಣ್ಣು ಸೆಲ್ಲು, ತಯಾರಾಗುವಾಗ ಕ್ರೋಮೋಸೋಮ್ ಜೋಡಿ ಜೋಡಿಯಾಗಿ ನಿಂತು ಎರಡು ಕಡೆ ಸರಿಪಾಲು ಆಗ್ಬೇಕು. ಮೂರು ರೊಟ್ಟಿನ ಮುರೀದೆ ಇಬ್ಬರಿಗೆ ಸಮ ಹಂಚಿ ನೋಡೋಣ? ಆಗಲ್ಲ. ಹಾಗಾಗಿ ಬೀಜ ಕಟ್ಟಲ್ಲ, ಪರಾಗ ಬೀಳದೇ ಇದ್ರೂ ಕಾಯಿ ಮಾತ್ರ ದಪ್ಪ ಆಗುತ್ತೆ, ನಮಗೆ ಅದೇ ಅನುಕೂಲ.

ನಾನು ಹೈಸ್ಕೂಲಲ್ಲಿ ಇರೋವಾಗ ಒಂದು ವರ್ಷ ನಮ್ಮ ತೋಟದಲ್ಲಿ ಒಂದು ಗಿಡದ ಕೆಳಗಿನ ಎಲೆ ಅಂಚಿಂದ ಹಳದಿ ಆಗ್ತಾ ಬಂತು, ಆಮೇಲೆ ಎಲೆ ತೊಟ್ಟು ಮುರಿದು ಲಂಗ ಉಟ್ಟ ಹಾಗೆ ದಿಂಡಿನ ಸುತ್ತ ಜೋತುಬಿತ್ತು. ಅಪ್ಪ ದಿಂಡು ಅಡ್ಡ ಕಡಿದ್ರು, ಒಳಗೆ ಬೆಳ್ಳಗಿರಬೇಕಾದ ಕಡೆ ಕೆಂಪು ಮಿಶ್ರ ಕಂದು ಬಣ್ಣದ ಗೆರೆಗಳು. ಪನಾಮಾ ಸೊರಗು ರೋಗ, ಫ್ಯೂಸೇರಿಯಂ ಅನ್ನೋ ಶಿಲೀಂಧ್ರದ ಕೆಲಸ. ಮಣ್ಣಲ್ಲೇ ಹತ್ತಾರು ವರ್ಷ ಬದುಕಿರುತ್ತೆ, ಬೇರಿನ ಮೂಲಕ ಒಳಗೆ ನುಗ್ಗಿ ನೀರು ಸಾಗೋ ನಾಳಗಳನ್ನ ಕಟ್ಟಿಹಾಕುತ್ತೆ. ಒಂದು ಗಿಡ ಹೋಯ್ತು, ಪಕ್ಕದ್ದು ಹೋಯ್ತು, ಆಮೇಲೆ ಸಾಲು. ಒಂದಾದ್ರೂ ಗಿಡ ತಡ್ಕೊಂಡು ನಿಲ್ಲುತ್ತೆ ಅಂತ ಅಪ್ಪ ಕಾದಿದ್ದೇ ಬಂತು, ಒಂದೂ ನಿಲ್ಲಲಿಲ್ಲ, ಯಾಕಂದ್ರೆ ಅಲ್ಲಿ ನೂರಾರು ಗಿಡ ಇರಲೇ ಇಲ್ಲ, ಇದ್ದಿದ್ದು ಒಂದೇ ಗಿಡದ ನೂರಾರು ನಕಲು, ಒಂದಕ್ಕೆ ತಡೆಯೋ ಶಕ್ತಿ ಇಲ್ಲ ಅಂದ್ರೆ ಯಾವುದಕ್ಕೂ ಇಲ್ಲ. ಇದೇ ರೋಗ ಮಧ್ಯ ಅಮೆರಿಕದಲ್ಲಿ ಗ್ರೋ ಮಿಶೆಲ್ ಅನ್ನೋ ತಳಿನ ಬಡಿದು, 1960ರ ದಶಕದ ಹೊತ್ತಿಗೆ ಜಗತ್ತಿನ ಬಾಳೆ ವ್ಯಾಪಾರ ಪೂರ್ತಿ ಕ್ಯಾವೆಂಡಿಶ್ ಕಡೆ, ಅಂದ್ರೆ ನಮ್ಮ ಪಚ್ಚಬಾಳೆ ಜಾತಿ ಕಡೆ ತಿರುಗಬೇಕಾಯ್ತು. ಈಗ ಆ ಕ್ಯಾವೆಂಡಿಶನ್ನೂ ಬಿಡದ ಹೊಸ ರೂಪ ಟಿಆರ್-4 ಬಂದಿದೆ, ನಮ್ಮ ದೇಶದಲ್ಲಿ ಬಿಹಾರ, ಉತ್ತರ ಪ್ರದೇಶದ ತೋಟಗಳಲ್ಲೂ ಕಾಣಿಸ್ಕೊಂಡಿದೆ.

ಹಂಗಾದ್ರೆ ನಕಲು ಮಾಡೋದು ಕೆಟ್ಟದ್ದಾ? ಅಲ್ವೇ ಅಲ್ಲ. ರಾತ್ರಿ ಅಮ್ಮ ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಹೆಪ್ಪು ಹಾಕ್ತಾರಲ್ಲ, ಬೆಳಗ್ಗೆ ಹೊತ್ತಿಗೆ ಇಡೀ ಪಾತ್ರೆ ಗಟ್ಟಿ ಮೊಸರು. ಆ ಚಮಚದಲ್ಲಿದ್ದ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ಒಂದು ಎರಡಾಗಿ, ಎರಡು ನಾಲ್ಕಾಗಿ ಸೀಳ್ತಾ ಹೋಗಿದೆ, ಇದಕ್ಕೆ ನಿಮ್ಮ ಪುಸ್ತಕದಲ್ಲಿ ವಿದಳನ ಅಂತಾರೆ. ಲೆಕ್ಕ ಹಾಕಿ ನೋಡಿ. ನಮ್ಮ ಕರುಳಲ್ಲಿರೋ ಇ. ಕೋಲಿ ಬ್ಯಾಕ್ಟೀರಿಯಾಗೆ ಊಟ, ಶಾಖ ಎಲ್ಲ ಸರಿಯಾಗಿ ಸಿಕ್ರೆ ಸುಮಾರು 20 ನಿಮಿಷಕ್ಕೆ ಒಂದು ಸಲ ಎರಡಾಗುತ್ತೆ, ಗಂಟೆಗೆ ಮೂರು ಸಲ, ಹತ್ತು ಗಂಟೆಗೆ ಮೂವತ್ತು ಸಲ. ಒಂದರಿಂದ ಶುರು ಮಾಡಿ ಮೂವತ್ತು ಸಲ ಡಬಲ್ ಮಾಡಿದ್ರೆ 107 ಕೋಟಿ ದಾಟುತ್ತೆ. ನಿಜವಾಗ್ಲೂ ಅಷ್ಟಕ್ಕೆ ಹೋಗಲ್ಲ, ಊಟ ಮುಗಿಯುತ್ತೆ, ಮೊಸರಲ್ಲಾದ್ರೆ ಅವೇ ಮಾಡಿದ ಹುಳಿ ಅವಕ್ಕೇ ಅಡ್ಡ ಬರುತ್ತೆ. ಆದ್ರೆ ಈ ವೇಗ ಜೋಡಿ ಹುಡ್ಕೊಂಡು ಕೂತಿರೋ ಜೀವಿಗೆ ಕನಸಲ್ಲೂ ಸಿಗಲ್ಲ. ಜಾಗ ಚೆನ್ನಾಗಿದೆ, ಊಟ ಇದೆ ಅಂದ್ರೆ ಬೇಗ ಬೇಗ ನಕಲು ಮಾಡ್ಕೊಂಡು ಜಾಗ ಹಿಡಿಯೋದೇ ಜಾಣತನ. ಅಮೀಬಾ ಸೀಳೋದು, ಯೀಸ್ಟು ಹೈಡ್ರಾ ಮೊಗ್ಗು ಬಿಡೋದು, ಹಳೇ ಬ್ರೆಡ್ ಮೇಲೆ ಬೂಷ್ಟು ಬೀಜಕ ಉದುರಿಸೋದು, ಎಲ್ಲ ಇದೇ ಲೆಕ್ಕ, ಚಿತ್ರ ಸಮೇತ ಪುಸ್ತಕದಲ್ಲಿದೆ ನೋಡ್ಕೊಳ್ಳಿ.

ಒಂದು ಮಾತು ಮಾತ್ರ ಹೇಳ್ಲೇಬೇಕು, ಬ್ಯಾಕ್ಟೀರಿಯಾ ಬರೀ ನಕಲು ಮಾಡುತ್ತೆ ಅಂತ ಅಂದ್ಕೋಬೇಡಿ. 1946ರಲ್ಲಿ ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ ಅನ್ನೋ ಇಬ್ಬರು ವಿಜ್ಞಾನಿಗಳು ಇದೇ ಇ. ಕೋಲಿ ತನ್ನ ಜೀನುಗಳನ್ನ ಇನ್ನೊಂದಕ್ಕೆ ದಾಟಿಸುತ್ತೆ ಅಂತ ತೋರಿಸಿದ್ರು. ಮರಿ ಹುಟ್ಟಲ್ಲ, ಸಂಖ್ಯೆ ಹೆಚ್ಚಲ್ಲ, ಡಿಎನ್ಎ ತುಂಡು ಮಾತ್ರ ಕೈ ಬದಲಾಗುತ್ತೆ. ಡಾಕ್ಟ್ರು ಆಂಟಿಬಯೋಟಿಕ್ ಕೋರ್ಸ್ ಹೇಳ್ದಷ್ಟು ದಿನ ತಗೊಳ್ಳಿ, ನೀವಾಗೇ ಅಂಗಡಿಯಿಂದ ತಂದು ನುಂಗಬೇಡಿ ಅಂತಾರಲ್ಲ, ಔಷಧಿಗೆ ಬಗ್ಗದ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹರಡೋದು ಹೆಚ್ಚಾಗಿ ಹೀಗೇನೇ.

ಮಲೇರಿಯಾ ತರೋ ಪ್ಲಾಸ್ಮೋಡಿಯಂ ಇನ್ನೂ ಚೆನ್ನಾಗಿ ಪಾಠ ಹೇಳುತ್ತೆ. ನಮ್ಮ ಮೈಯೊಳಗೆ ಅದು ನಕಲು ಮಾಡುತ್ತೆ, ಕೆಂಪು ರಕ್ತಕಣದ ಒಳಗೆ ಒಂದು ಹತ್ತಾರಾಗಿ ಕಣ ಒಡ್ಕೊಂಡು ಹೊರಗೆ ಬರುತ್ತೆ, ವೈವ್ಯಾಕ್ಸ್ ಜಾತಿಯಾದ್ರೆ ಇದು 48 ಗಂಟೆಗೊಂದು ಸಲ, ಅದಕ್ಕೇ ದಿನ ಬಿಟ್ಟು ದಿನ ಚಳಿ ಜ್ವರ. ಅದೇ ಪ್ಲಾಸ್ಮೋಡಿಯಂ ಸೊಳ್ಳೆ ಹೊಟ್ಟೆಗೆ ಹೋದ ಕೂಡ್ಲೇ ದಾರಿ ಬದಲಿಸಿ ಗಂಡು ಲಿಂಗಾಣು, ಹೆಣ್ಣು ಲಿಂಗಾಣು ಸೇರಿ ಯುಗ್ಮಜ, ಅಂದ್ರೆ ಎರಡೂ ಕೂಡಿದ ಒಂದೇ ಸೆಲ್ಲು, ಆಗುತ್ತೆ. ಒಂದೇ ಜೀವಿ, ಎರಡೂ ದಾರಿ, ಬೇರೆ ಬೇರೆ ಮನೆಯಲ್ಲಿ.

ಈಗ ಬೆರೆಸೋ ದಾರಿಗೆ ಬರೋಣ. ಇದು ನಿಧಾನ, ಖರ್ಚೂ ಜಾಸ್ತಿ. ಗಿಡಕ್ಕೆ ಕಾಲಿಲ್ಲ, ಪರಾಗ ಹೊತ್ಕೊಂಡು ಹೋಗೋರು ಯಾರಾದ್ರೂ ಬೇಕು. ಮಲೆನಾಡಿನ ಮಕ್ಳು ಮನೇಲಿ ಕೇಳಿ ನೋಡಿ, 2000ದ ಆಸುಪಾಸಲ್ಲಿ ವೆನಿಲ್ಲಾ ಬಳ್ಳಿ ಹಾಕದ ತೋಟ ಕಡಿಮೆ. ಮೆಕ್ಸಿಕೋ ಕಡೆಯ ಬಳ್ಳಿ ಅದು, ಅಲ್ಲಿನ ದುಂಬಿ ಇಲ್ಲಿಲ್ಲ. ಹೂವಿನೊಳಗೆ ಪರಾಗಕ್ಕೂ ಅದು ಹೋಗಿ ಕೂರಬೇಕಾದ ಹೆಣ್ಣು ಭಾಗದ ತುದಿ ಶಲಾಕಾಗ್ರಕ್ಕೂ ನಡುವೆ ಒಂದು ತೆಳ್ಳನೆ ಪರದೆ ಬೇರೆ. ಹೂ ಅರಳೋದು ಒಂದೇ ಬೆಳಗ್ಗೆ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತೆ. ಹಾಗಾಗಿ ಬೆಳಕು ಹರಿಯೋ ಹೊತ್ತಿಗೇ ಮನೆಮಂದಿಯೆಲ್ಲ ಒಂದೊಂದು ಸಣ್ಣ ಕಡ್ಡಿ ಹಿಡ್ಕೊಂಡು ತೋಟಕ್ಕಿಳಿದು, ಆ ಪರದೆ ಮೇಲೆತ್ತಿ, ಹೆಬ್ಬೆರಳಲ್ಲಿ ಪರಾಗನ ಮೆತ್ತಗೆ ಒತ್ತಿ, ಮುಂದಿನ ಹೂವಿಗೆ ಹೋಗ್ಬೇಕು. ಈ ವಿಧಾನ ಕಂಡುಹಿಡಿದವರು ಯಾವ ಪ್ರೊಫೆಸರೂ ಅಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಅನ್ನೋ 12 ವರ್ಷದ ಹುಡುಗ. ನಿಮಗಿಂತ ಚಿಕ್ಕೋನು! 1848ರಲ್ಲಿ ಅಲ್ಲಿ ಗುಲಾಮಗಿರಿ ಹೋದ್ಮೇಲೆ ಅವನಿಗೆ ಆಲ್ಬಿಯಸ್ ಅನ್ನೋ ಹೆಸರು ಸೇರ್ತು. ಜಗತ್ತೆಲ್ಲ ಅವನ ಕೈಚಳಕದಿಂದ ದುಡ್ಡು ಮಾಡ್ತು, ಅವನು ಮಾತ್ರ 1880ರಲ್ಲಿ ಬಡವನಾಗೇ ತೀರ್ಕೊಂಡ. ಈ ವಿಷಯ ಕ್ಲಾಸಲ್ಲಿ ಹೇಳುವಾಗ ಪ್ರತೀ ಸಲ ನನಗೆ ಗಂಟಲು ಕಟ್ಟುತ್ತೆ.

ಅತ್ತಿ ಹಣ್ಣು ಬಿಚ್ಚಿದ್ರೆ ಬರೀ ಹುಳ ಅಂತ ಗಾದೆ ಕೇಳಿರ್ತೀರಿ. ಆ ಹುಳ ಕೊಳೆತು ಬಂದಿದ್ದಲ್ಲ ಮಕ್ಳೇ. ಅತ್ತಿ ಕಾಯಿ ಅಂತ ನಾವು ಕರೆಯೋದು ಒಳಮುಖ ಮಾಡ್ಕೊಂಡಿರೋ ಹೂಗೊಂಚಲು, ಒಳಗೆ ನೂರಾರು, ಸಾವಿರಾರು ಪುಟ್ಟ ಹೂ. ತುದೀಲಿ ಒಂದು ಕಿಂಡಿ. ಸೊಳ್ಳೆಗಿಂತ ಚಿಕ್ಕ ಕಣಜ ಒಂದು, ಹೆಣ್ಣು, ಬೇರೆ ಅತ್ತಿ ಮರದ ಪರಾಗ ಹೊತ್ಕೊಂಡು ಆ ಕಿಂಡೀಲಿ ತೂರುತ್ತೆ, ಎಷ್ಟು ಬಿಗಿ ಅಂದ್ರೆ ರೆಕ್ಕೆ ಅಲ್ಲೇ ಕಿತ್ತು ಬೀಳುತ್ತೆ. ಒಳಗೆ ಕೆಲವು ಹೂವಿಗೆ ಪರಾಗ ಕೊಟ್ಟು, ಕೆಲವು ಹೂವಿನೊಳಗೆ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ಮುಂದೆ ಮೊದ್ಲು ಹೊರಬರೋದು ಗಂಡು, ಅವಕ್ಕೆ ರೆಕ್ಕೆನೇ ಇಲ್ಲ, ಇನ್ನೂ ಹೂವೊಳಗೇ ಇರೋ ಹೆಣ್ಣುಗಳ ಜೊತೆ ಕೂಡಿ, ಗೋಡೆ ಕೊರೆದು ಹೊರದಾರಿ ಮಾಡ್ಕೊಟ್ಟು ಸಾಯ್ತವೆ. ಹೆಣ್ಣುಗಳು ಆಗಷ್ಟೇ ಬಿರಿದಿರೋ ಕೇಸರದಿಂದ ಪರಾಗ ತುಂಬ್ಕೊಂಡು ಹಾರಿ, ಒಂದೆರಡು ದಿನದ ಆಯಸ್ಸಲ್ಲೇ ಇನ್ನೊಂದು ಅತ್ತಿ ಮರ ಹುಡುಕ್ಬೇಕು. ಆ ಕಣಜ ಇಲ್ದೆ ಅತ್ತಿ ಬೀಜ ಇಲ್ಲ, ಅತ್ತಿ ಇಲ್ದೆ ಆ ಕಣಜ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತವರ ತಂಡ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದು ಇದೇ ಬೆರಗಿಗೆ.

ಪ್ರಾಣಿಗಳಲ್ಲಿ ನಮ್ಮದೇ ಕಾಡಿನ ಒಬ್ಬನ ವಿಷಯ ಹೇಳ್ತೀನಿ. ಉತ್ತರ ಕನ್ನಡದ ಕತ್ತಲೆಕಾನು ಕಡೆ ಹಳ್ಳಗಳಲ್ಲಿ ಇರೋ ಪುಟ್ಟ ಕಪ್ಪೆ, 2014ರಲ್ಲಿ ಕೆ. ವಿ. ಗುರುರಾಜ ಮತ್ತವರ ಜೊತೆಗಾರರು ಇದನ್ನ ಹೊಸ ಜಾತಿ ಅಂತ ಗುರುತಿಸಿ ಕುಂಬಾರ ಅನ್ನೋ ಹೆಸರೇ ಇಟ್ರು. ನೀರಿನ ಮೇಲೆ ಚಾಚಿರೋ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿದ್ಮೇಲೆ ಗಂಡು ಹಳ್ಳದ ಕೆಸರನ್ನ ಮುಂಗಾಲಲ್ಲಿ ಎತ್ತಿ ಎತ್ತಿ ತಂದು ಮೊಟ್ಟೆ ಮೇಲೆ ಮೆತ್ತುತ್ತೆ, ಥೇಟ್ ಕುಂಬಾರ ಮಣ್ಣು ಮೆತ್ತಿದ ಹಾಗೆ. ಮೊಟ್ಟೆ ಒಣಗದೇ ಇರ್ಲಿ, ಶತ್ರು ಕಣ್ಣಿಗೆ ಬೀಳದೇ ಇರ್ಲಿ ಅಂತ ಇರಬೇಕು ಅನ್ನೋದು ವಿಜ್ಞಾನಿಗಳ ಅಂದಾಜು.

ಮನುಷ್ಯರ ಭಾಗ ಬಂದಾಗ ಎಷ್ಟೋ ಕಡೆ ಮನೇಲಿ ಓದ್ಕೊಳ್ಳಿ ಅಂತ ಪುಟ ತಿರುಗಿಸಿಬಿಡ್ತಾರೆ, ನನ್ನ ಕಾಲದಲ್ಲೂ ಹಾಗೇ ಮಾಡಿದ್ರು, ಅದು ನನಗೆ ಇವತ್ತಿಗೂ ಬೇಜಾರು. ನಾಚ್ಕೊಳ್ಳೋ ವಿಷಯ ಅಲ್ಲ ಇದು, ಕೇಳಿ. ನಮ್ಮ ಸೆಲ್ಲಲ್ಲಿ 23 ಜೋಡಿ ಕ್ರೋಮೋಸೋಮು. ಅಂಡಾಣು ಆಗ್ಲಿ, ವೀರ್ಯಾಣು ಆಗ್ಲಿ, ಪ್ರತೀ ಜೋಡಿಯಿಂದ ಒಂದೊಂದೇ ತಗೊಳ್ಳುತ್ತೆ. ಯಾವುದನ್ನ ತಗೊಳ್ಳುತ್ತೆ ಅನ್ನೋದು ಚೀಟಿ ಎತ್ತಿದ ಹಾಗೆ. ಎರಡನ್ನ 23 ಸಲ ಗುಣಿಸಿ, 83,88,608 ಬಗೆ ಬರುತ್ತೆ. ಹಿರಿಯರು ಎಂಬತ್ನಾಲ್ಕು ಲಕ್ಷ ಜೀವರಾಶಿ ಅಂತಿದ್ರಲ್ಲ, ಆ ಸಂಖ್ಯೆ ಹತ್ರ ಬಂದಿದ್ದು ಬರೀ ಕಾಕತಾಳೀಯ, ಆದ್ರೆ ನೆನಪಿಟ್ಕೊಳ್ಳೋಕೆ ಸುಲಭ. ಇಷ್ಟು ಬಗೆ ಒಬ್ಬ ತಾಯಿ ಕಡೆಯಿಂದ, ಇಷ್ಟೇ ಬಗೆ ತಂದೆ ಕಡೆಯಿಂದ, ಜೊತೆಗೆ ಕ್ರೋಮೋಸೋಮುಗಳು ತುಂಡು ತುಂಡು ಅದಲುಬದಲು ಮಾಡ್ಕೊಳ್ಳೋದು ಬೇರೆ. ಅದಕ್ಕೇ ಅಣ್ಣ ತಮ್ಮ ಒಂದೇ ಮನೆ ಊಟ ತಿಂದು ಬೆಳೆದ್ರೂ ಒಬ್ಬನ ಹಾಗೆ ಇನ್ನೊಬ್ಬ ಇರಲ್ಲ. ಇನ್ನೊಂದು, ತಾಯಿ ಅಂಡಾಣು ಕೊಡೋದು ಯಾವಾಗ್ಲೂ ಎಕ್ಸ್ ಕ್ರೋಮೋಸೋಮು, ತಂದೆ ಕಡೆಯಿಂದ ಎಕ್ಸ್ ಬಂದ್ರೆ ಹೆಣ್ಣು, ವೈ ಬಂದ್ರೆ ಗಂಡು. ಹೆಣ್ಣು ಹೆತ್ತಳು ಅಂತ ಸೊಸೆನ ಬೈಯೋ ಮನೆ ಇವತ್ತಿಗೂ ಇದೆ, ಅಂಥ ಮಾತು ನಿಮ್ಮ ಕಿವಿಗೆ ಬಿದ್ರೆ ಈ ಎಕ್ಸ್ ವೈ ಲೆಕ್ಕನ ಅಲ್ಲೇ ಬಿಡಿಸಿ ಹೇಳಿ.

ಬಾಳೆಗೆ ವಾಪಸ್ ಬರ್ತೀನಿ. ಮಳೆಗಾಲದಲ್ಲಿ ಪಶ್ಚಿಮಘಟ್ಟದ ಘಾಟಿ ರಸ್ತೇಲಿ ಹೋಗುವಾಗ ಮಣ್ಣೇ ಇಲ್ಲದ ಬಂಡೆ ಸಂದೀಲಿ ಬುಡ ಗುಡಾಣದ ಹಾಗೆ ದಪ್ಪಗಿರೋ ಬಾಳೆ ಕಾಣುತ್ತೆ, ಅದು ಕಲ್ಲುಬಾಳೆ. ಬೇಸಿಗೇಲಿ ಎಲೆ ಪೂರ್ತಿ ಒಣಗಿ ಬುಡ ಮಾತ್ರ ಉಳಿದು ಮಳೆ ಬಿದ್ದ ಕೂಡ್ಲೇ ಮತ್ತೆ ಎಲೆ ಬಿಡುತ್ತೆ. ಅದರ ಹಣ್ಣಲ್ಲಿ ತಿರುಳು ಕಡಿಮೆ, ತುಂಬ ಕರೀ ಗಟ್ಟಿ ಬೀಜ. ಅದಕ್ಕೆ ಕಂದು ಏಳೋದೇ ಇಲ್ಲ, ಒಂದು ಸಲ ಗೊನೆ ಹಾಕಿ ಸಾಯುತ್ತೆ, ಮುಂದಿನ ಪೀಳಿಗೆ ಬರೋದಿದ್ರೆ ಬೀಜದಿಂದ್ಲೇ. ತೋಟದ ಬಾಳೆಗೂ ಇದಕ್ಕೂ ಪೂರ್ತಿ ಉಲ್ಟಾ.

ಎರಡು ವರ್ಷದ ಹಿಂದೆ ನಮ್ಮ ಕ್ಲಾಸಿನ ಒಬ್ಬ ಹುಡುಗ ಒಂದೇ ಗೊನೆಯಿಂದ ಆರಿಸಿದ ಕಲ್ಲುಬಾಳೆ ಬೀಜ ಒಂದು ಹಿಡಿ ತಂದ್ಕೊಟ್ಟ. ಹಳೇ ಬಕೆಟ್ ಒಂದಕ್ಕೆ ಮರಳು ಮಣ್ಣು ತುಂಬಿ ಬಿತ್ತಿದ್ವಿ. ತಿಂಗಳುಗಟ್ಟಲೆ ಏನೂ ಇಲ್ಲ, ಮಕ್ಳು ಮರೆತೇ ಬಿಟ್ರು, ನಾನೂ ಬಕೆಟ್ ಖಾಲಿ ಮಾಡೋಣ ಅಂತಿದ್ದೆ, ಜೂನಲ್ಲಿ ಮಳೆ ಹಿಡಿದ ಎರಡನೇ ವಾರ ಮೂರು ಮೊಳಕೆ ಎದ್ದಿತ್ತು. ಒಂದು ಬೇಗ ಸತ್ತುಹೋಯ್ತು. ಉಳಿದ ಎರಡು ಈಗ ನನ್ನ ಮೊಣಕಾಲುದ್ದ ಇವೆ, ಒಂದರ ಎಲೆ ಅಗಲ, ನಡುನರ ತಿಳಿ ಹಸಿರು, ಇನ್ನೊಂದರ ಎಲೆ ಸಪೂರ, ನಡುನರದ ಹಿಂದೆ ಕೆಂಪು ಛಾಯೆ. ಎರಡೂ ಒಂದೇ ಗೊನೆ ಬೀಜ. ನಮಸ್ಕಾರ.