ಸೈಟ್‌ನಲ್ಲಿ 500, ಲಾಗ್ ಮಾತ್ರ ಖಾಲಿ: ಸಿಪ್ಯಾನೆಲ್‌ನಲ್ಲಿ ಪಿಎಚ್‌ಪಿ ಎರರ್ ಹಿಡಿಯುವುದು ಹೇಗೆ?

[ಸ್ಕ್ರೀನ್: ಬ್ರೌಸರ್‌ನಲ್ಲಿ 500 ಎರರ್ ಪುಟ]

ನಮಸ್ಕಾರ. ಇದು ಮಡಿಕೇರಿ ಹತ್ತಿರದ ಒಂದು ಹೋಂಸ್ಟೇ ಸೈಟ್. ಫೋಟೋ, ರೂಮ್ ರೇಟ್, ಮ್ಯಾಪ್ ಎಲ್ಲಾ ಚೆನ್ನಾಗಿ ತೆರೆಯುತ್ತದೆ, ಆದರೆ ಬುಕಿಂಗ್ ಬಟನ್ ಒತ್ತಿದರೆ 500, ಅಂದರೆ ಸರ್ವರ್ ಒಳಗೆ ಏನೋ ಎರರ್. ಅದೂ ದಸರಾ ರಜೆ ಬುಕಿಂಗ್ ಶುರುವಾಗುವ ಹೊತ್ತಿಗೆ!

ನಮ್ಮ ಕೊಡಗಿನಲ್ಲಿ ಸೈಟ್ ತೆರೆಯದಿದ್ದರೆ ಎಲ್ಲರೂ ಮೊದಲು ಬಯ್ಯುವುದು ನೆಟ್‌ವರ್ಕ್‌ಗೆ. ಮಳೆಗಾಲದಲ್ಲಿ ಬಯ್ಯಲು ಕಾರಣವೂ ಇದೆ ಬಿಡಿ. ಆದರೆ 500 ಬಂತು ಅಂದರೆ ನೆಟ್‌ವರ್ಕ್ ತನ್ನ ಕೆಲಸ ಮಾಡಿದೆ. ಸರ್ವರ್ ತನಕ ಹೋಗಿ ಉತ್ತರ ವಾಪಸ್ ಬಂದಿದೆ. ಕೆಟ್ಟಿರುವುದು ಅಲ್ಲಿ.

[ಸ್ಕ್ರೀನ್: ಸಿಪ್ಯಾನೆಲ್, ಮೆಟ್ರಿಕ್ಸ್, ಎರರ್ಸ್]

ಹೋಸ್ಟಿಂಗ್ ನೋಡಿಕೊಳ್ಳುವ ಸಿಪ್ಯಾನೆಲ್ ಪುಟದಲ್ಲಿ ಎರರ್ಸ್ ಒತ್ತಿದೆವು. ಏನೂ ಇಲ್ಲ. ಹೋಸ್ಟಿಂಗ್‌ನವರನ್ನು ಕೇಳಿದರೆ "ಸರ್ವರ್ ಸರಿ ಇದೆ ಸರ್, ನಿಮ್ಮ ಕೋಡ್ ನೋಡಿಕೊಳ್ಳಿ" ಅಂತ ಉತ್ತರ. ಕೋಡ್‌ನಲ್ಲಿ ಎಲ್ಲಿ ಅಂತ ನೋಡೋದು? ಇಲ್ಲಿ ಜಾಸ್ತಿ ಜನ ಪ್ಲಗಿನ್ ಒಂದೊಂದಾಗಿ ಆಫ್ ಮಾಡುತ್ತಾ, ಸೈಟ್‌ನ ಕೋಡ್ ಓಡಿಸುವ ಪಿಎಚ್‌ಪಿಯ ವರ್ಷನ್ ಹಿಂದೆ ಮುಂದೆ ಮಾಡುತ್ತಾ ಕೂರುತ್ತಾರೆ. ಸುಮ್ನೆ ಟೈಮ್ ವೇಸ್ಟ್. ಎರರ್ ಆಮೇಲೆ ಹುಡುಕೋಣ, ಮೊದಲು ಲಾಗ್, ಅಂದರೆ ಎರರ್ ಬರೆದಿಡುವ ಫೈಲ್, ರಿಪೇರಿ ಮಾಡೋಣ.

ಈ ಎರರ್ಸ್ ಪುಟ ತೋರಿಸುವುದು ಅಪಾಚೆ ವೆಬ್ ಸರ್ವರ್‌ನ ಲಾಗ್, ಅದರಲ್ಲೂ ಕೊನೆಯ 300 ಸಾಲು ಮಾತ್ರ. ಪಿಎಚ್‌ಪಿ ತನ್ನ ದೂರನ್ನು ಸಾಮಾನ್ಯವಾಗಿ ಬೇರೆ ಕಡೆ ಬರೆದಿಡುತ್ತದೆ. ಫೈಲ್ ಮ್ಯಾನೇಜರ್ ತೆರೆಯಿರಿ. ಯಾವ ಸ್ಕ್ರಿಪ್ಟ್ ಓಡುತ್ತಿತ್ತೋ ಅದೇ ಫೋಲ್ಡರ್‌ನಲ್ಲಿ ಎರರ್ ಅಂಡರ್‌ಸ್ಕೋರ್ ಲಾಗ್ ಅನ್ನುವ ಫೈಲ್ ಇದೆಯಾ ನೋಡಿ. ವರ್ಡ್‌ಪ್ರೆಸ್ ಅಡ್ಮಿನ್‌ನಲ್ಲಿ ಕೆಟ್ಟಿದ್ದರೆ ಅಡ್ಮಿನ್ ಫೋಲ್ಡರ್ ಒಳಗೆ ಇರುತ್ತದೆ, ಹೊರಗಲ್ಲ. ಪಿಎಚ್‌ಪಿ ಓಡಿಸುವ ಇನ್ನೊಂದು ವಿಧಾನವಾದ ಪಿಎಚ್‌ಪಿ ಎಫ್‌ಪಿಎಂ ಆನ್ ಆಗಿದ್ದರೆ ನಿಮ್ಮ ಹೋಮ್ ಫೋಲ್ಡರ್‌ನ ಲಾಗ್ಸ್ ಒಳಗೆ, ಡೊಮೇನ್ ಹೆಸರಿನ ಜೊತೆ ಇರುತ್ತದೆ. ಲಾಗ್‌ನಲ್ಲಿ ಟೈಮ್ ಎಷ್ಟೋ ಕಡೆ ಯುಟಿಸಿ ಲೆಕ್ಕದಲ್ಲಿ ಇರುತ್ತದೆ, ಅಂದರೆ ನಮ್ಮ ಸಂಜೆ 6 ಗಂಟೆಯ ಎರರ್ ಅಲ್ಲಿ ಮಧ್ಯಾಹ್ನ 12.30 ಅಂತ ಕಾಣುತ್ತದೆ. "ಇವತ್ತು ಸಂಜೆಯದ್ದು ಏನೂ ಇಲ್ಲ" ಅಂತ ಮುಚ್ಚಿಬಿಡಬೇಡಿ.

[ಸ್ಕ್ರೀನ್: ಎರಡು ಸಾಲಿನ ಟೆಸ್ಟ್ ಫೈಲ್]

ಅಲ್ಲೂ ಇಲ್ಲವಾ? ಹಾಗಾದರೆ ನಾವೇ ಬೇಕಂತಲೇ ಒಂದು ಎರರ್ ಮಾಡೋಣ. ಬುಕಿಂಗ್ ಫೈಲ್ ಇರುವ ಫೋಲ್ಡರ್‌ನಲ್ಲೇ ಒಂದು ಟೆಸ್ಟ್ ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಎರರ್ ಲಾಗ್ ಫಂಕ್ಷನ್ ಕರೆದು ಒಂದು ಮೆಸೇಜ್ ಬರೆಸಿ. ಎರಡನೇ ಸಾಲಿನಲ್ಲಿ ಇಲ್ಲದ ಯಾವುದಾದರೂ ಫಂಕ್ಷನ್ ಕರೆಯಿರಿ. ಈಗ ಬ್ರೌಸರ್‌ನಲ್ಲಿ ತೆರೆಯಿರಿ.

ಮೊದಲ ಮೆಸೇಜ್ ಲಾಗ್‌ಗೆ ಬಂತು, ಎರರ್ ಬರಲಿಲ್ಲ ಅಂದರೆ ಲಾಗ್ ಎರರ್ಸ್ ಸೆಟ್ಟಿಂಗ್ ಆಫ್ ಆಗಿರಬಹುದು. ಸಿಪ್ಯಾನೆಲ್‌ನ ಮಲ್ಟಿ ಪಿಎಚ್‌ಪಿ ಐಎನ್‌ಐ ಎಡಿಟರ್‌ನಲ್ಲಿ ಆನ್ ಮಾಡಿ. ಎರಡೂ ಬರಲಿಲ್ಲ ಅಂದರೆ ಲಾಗ್ ಫೈಲ್‌ನ ದಾರಿ ತಪ್ಪಿದೆ, ಅಥವಾ ಡಿಸ್ಕ್ ಕೋಟಾ ತುಂಬಿದೆ. ಕೋಟಾ ತುಂಬಿದ ಮೇಲೆ ಬರೆಯಲು ಜಾಗ ಎಲ್ಲಿ, ಅಲ್ವಾ? ಹಳೇ ಬ್ಯಾಕಪ್ ಜಿಪ್‌ಗಳನ್ನು ಮೊದಲು ನೋಡಿ. ಬರೀ ಹಲೋ ಅನ್ನುವ ಫೈಲ್‌ಗೂ 500 ಬಂದರೆ ಪಿಎಚ್‌ಪಿ ಇನ್ನೂ ಶುರುವೇ ಆಗಿಲ್ಲ. ಅಪಾಚೆಗೆ ಸೂಚನೆ ಕೊಡುವ ಡಾಟ್ ಎಚ್‌ಟಿ ಆಕ್ಸೆಸ್ ಫೈಲ್ ನೋಡಿ, ಯಾರು ಓದಬಹುದು, ಬರೆಯಬಹುದು ಅಂತ ಹೇಳುವ ಪರ್ಮಿಷನ್ ನೋಡಿ. ಫೈಲ್ 644, ಫೋಲ್ಡರ್ 755. ಎಲ್ಲರಿಗೂ ಬರೆಯಲು ಬಿಡುವ 777 ಕೊಟ್ಟರೆ ಎಲ್ಲಾ ಸರಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕೆಲವು ಸರ್ವರ್‌ನಲ್ಲಿ 500 ಬರುವುದೇ ಅದರಿಂದ.

ನಮ್ಮ ಹೋಂಸ್ಟೇ ಸೈಟ್‌ನಲ್ಲಿ ಎರಡೂ ಸಾಲು ಲಾಗ್‌ಗೆ ಬಂದವು. ಲಾಗ್ ಸರಿ ಇದೆ, ಬುಕಿಂಗ್ ಕೋಡ್ ಮಾತ್ರ ಏನನ್ನೋ ಮುಚ್ಚಿಡುತ್ತಿದೆ.

[ಸ್ಕ್ರೀನ್: ಪ್ರಿಪೆಂಡ್ ಫೈಲ್‌ನ ಕೋಡ್. ಸ್ಪೆಲ್ಲಿಂಗ್‌ಗೆ ಇಲ್ಲಿ ವಿಡಿಯೋ ನಿಲ್ಲಿಸಿ ನೋಡಿ]

ಇದನ್ನು ಹಿಡಿಯಲು ಒಂದು ಚಿಕ್ಕ ಫೈಲ್ ಬೇಕು. ಅದರಲ್ಲಿ ರಿಜಿಸ್ಟರ್ ಶಟ್‌ಡೌನ್ ಫಂಕ್ಷನ್. ಸ್ಕ್ರಿಪ್ಟ್ ಎರರ್ ಆಗಿ ಸತ್ತರೂ ಕೊನೆಯಲ್ಲಿ ಇದು ಓಡಿ, ಕೊನೆಯ ಎರರ್ ಹೇಳುವ ಎರರ್ ಗೆಟ್ ಲಾಸ್ಟ್ ಫಂಕ್ಷನ್ ಕೊಟ್ಟ ಮೆಸೇಜ್, ಫೈಲ್, ಸಾಲಿನ ನಂಬರ್ ಮೂರನ್ನೂ ಲಾಗ್‌ಗೆ ಬರೆಯುತ್ತದೆ. ಆಮೇಲೆ ಅದೇ ಫೋಲ್ಡರ್‌ನ ಪಿಎಚ್‌ಪಿ ಸೆಟ್ಟಿಂಗ್ ಫೈಲ್ ಆದ ಡಾಟ್ ಯೂಸರ್ ಡಾಟ್ ಐಎನ್‌ಐ ಫೈಲ್‌ನಲ್ಲಿ ಆಟೋ ಪ್ರಿಪೆಂಡ್ ಫೈಲ್ ಅಂತ ಇದರ ಪೂರ್ತಿ ದಾರಿ ಕೊಡಿ. ಆಗ ಆ ಫೋಲ್ಡರ್‌ನ ಬೇರೆ ಪಿಎಚ್‌ಪಿ ಫೈಲ್‌ಗಳಿಗಿಂತ ಮೊದಲು ಇದು ಓಡುತ್ತದೆ. ಚುಕ್ಕಿಯಿಂದ ಶುರುವಾಗುವ ಫೈಲ್ ಕಾಣದಿದ್ದರೆ ಫೈಲ್ ಮ್ಯಾನೇಜರ್ ಸೆಟ್ಟಿಂಗ್ಸ್‌ನಲ್ಲಿ ಹಿಡನ್ ಫೈಲ್ ತೋರಿಸು ಅನ್ನುವುದಕ್ಕೆ ಟಿಕ್ ಹಾಕಿ.

ಬುಕಿಂಗ್ ಫೈಲ್‌ನ ತಲೆಯಲ್ಲೇ ಎರರ್ ಆನ್ ಮಾಡುವ ಸಾಲು ಹಾಕಿದರೆ ಸಾಲದಾ ಅಂತ ಕೇಳಬಹುದು. ಸಾಲದು. ಆ ಫೈಲ್‌ನಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋಗಿ ಪಾರ್ಸ್ ಎರರ್ ಆಗಿದ್ದರೆ ಅದರ ಒಂದು ಸಾಲೂ ಓಡುವುದಿಲ್ಲ, ಆನ್ ಮಾಡುವ ಸಾಲು ಕೂಡ. ಪ್ರಿಪೆಂಡ್ ಬೇರೆ ಫೈಲ್, ಅದು ಮೊದಲೇ ಓಡಿರುತ್ತದೆ.

ಸೇವ್ ಮಾಡಿ ತಕ್ಷಣ ರಿಫ್ರೆಶ್ ಒತ್ತಬೇಡಿ. ಪಿಎಚ್‌ಪಿ ಈ ಐಎನ್‌ಐ ಫೈಲನ್ನು ಡಿಫಾಲ್ಟ್ ಆಗಿ 300 ಸೆಕೆಂಡ್‌ಗೆ ಒಮ್ಮೆ ಮಾತ್ರ ಓದುತ್ತದೆ. ಐದು ನಿಮಿಷ. ಒಂದು ಕಾಫಿ ಕುಡಿದು ಬನ್ನಿ.

[ಸ್ಕ್ರೀನ್: ಲಾಗ್‌ನಲ್ಲಿ ಹೊಸ ಸಾಲು]

ಸಿಕ್ಕಿತು. ಈಚ್ ಅನ್ನುವ ಫಂಕ್ಷನ್ ಇಲ್ಲವಂತೆ. ಹೌದು, 2020ರಲ್ಲಿ ಬಂದ ಪಿಎಚ್‌ಪಿ 8.0ರಲ್ಲಿ ಅದನ್ನು ತೆಗೆದುಹಾಕಿದರು. ಹೋಸ್ಟಿಂಗ್‌ನಲ್ಲಿ ವರ್ಷನ್ ಬದಲಾಯಿತು, ಹಳೇ ಬುಕಿಂಗ್ ಕೋಡ್ ಹಾಗೇ ಉಳಿಯಿತು. ಲಾಗ್ ಖಾಲಿ ಇದ್ದದ್ದು ಯಾಕೆ? ಫೈಲ್‌ನ ಮೇಲ್ಗಡೆ ಯಾರೋ ಪುಣ್ಯಾತ್ಮರು ಎರರ್ ರಿಪೋರ್ಟಿಂಗ್ ಸೊನ್ನೆ ಅಂತ ಬರೆದಿದ್ದಾರೆ. ಸೊನ್ನೆ ಕೊಟ್ಟರೆ ಸ್ಕ್ರೀನ್‌ಗೂ ಬರಲ್ಲ, ಲಾಗ್‌ಗೂ ಬರಲ್ಲ. ಗ್ರಾಹಕರಿಗೆ ಎರರ್ ಕಾಣಬಾರದು ಅಂದರೆ ಡಿಸ್‌ಪ್ಲೇ ಎರರ್ಸ್ ಆಫ್ ಮಾಡಬೇಕು, ಇದನ್ನಲ್ಲ. ಈಚ್ ಜಾಗಕ್ಕೆ ಫೋರ್ ಈಚ್ ಹಾಕಿ, ಸೊನ್ನೆಯ ಸಾಲು ಅಳಿಸಿದೆವು. ಬುಕಿಂಗ್ ಹೋಗುತ್ತಿದೆ.

ವರ್ಡ್‌ಪ್ರೆಸ್ ಆದರೆ ಇಷ್ಟು ಕಷ್ಟವಿಲ್ಲ. 2019ರ 5.2 ವರ್ಷನ್‌ನಿಂದ ದೊಡ್ಡ ಎರರ್ ಆದರೆ ಅಡ್ಮಿನ್ ಇಮೇಲ್‌ಗೆ ವರ್ಡ್‌ಪ್ರೆಸ್ ತಾನಾಗಿಯೇ ಮೇಲ್ ಕಳಿಸುತ್ತದೆ, ಸ್ಪ್ಯಾಮ್ ನೋಡಿ. ಪ್ರಿಪೆಂಡ್‌ನಲ್ಲೂ ಏನೂ ಸಿಗದಿದ್ದರೆ ಮೆಮೊರಿ ಜಾಸ್ತಿ ತಿಂದಿದ್ದಕ್ಕೆ ಸರ್ವರ್ ಆ ಪ್ರೋಸೆಸ್ ಅನ್ನೇ ಕೊಂದಿರಬಹುದು. ಆಗ ಪಿಎಚ್‌ಪಿಗೆ ಬರೆಯಲು ಅವಕಾಶವೇ ಇರಲ್ಲ. ಸಿಪ್ಯಾನೆಲ್‌ನಲ್ಲಿ ರಿಸೋರ್ಸ್ ಯೂಸೇಜ್ ಇದ್ದರೆ ನೋಡಿ. ಇಲ್ಲದಿದ್ದರೆ ಎರರ್ ಬಂದ ಸರಿಯಾದ ಟೈಮ್ ಮತ್ತು ಪುಟದ ವಿಳಾಸ ಕೊಟ್ಟು ಹೋಸ್ಟಿಂಗ್‌ನವರಿಗೆ ಟಿಕೆಟ್ ಹಾಕಿ.

ಈಗ ಟೆಸ್ಟ್ ಫೈಲ್ ಡಿಲೀಟ್ ಮಾಡಿ. ಪ್ರಿಪೆಂಡ್ ಫೈಲ್ ಮಾತ್ರ ಆತುರದಲ್ಲಿ ತೆಗೆಯಬೇಡಿ. ಮೊದಲು ಐಎನ್‌ಐ ಫೈಲ್‌ನ ಆ ಸಾಲು ಅಳಿಸಿ, ಮತ್ತೆ ಐದು ನಿಮಿಷ ಬಿಟ್ಟು ಅದನ್ನು ತೆಗೆಯಿರಿ. ಉಲ್ಟಾ ಮಾಡಿದರೆ ಪಿಎಚ್‌ಪಿ ಇಲ್ಲದ ಫೈಲ್ ಹುಡುಕಲು ಹೋಗಿ ಆ ಫೋಲ್ಡರ್ ಪೂರ್ತಿ 500 ಕೊಡುತ್ತದೆ.